ಸೂರಿನ ಮರೆಯ ಹಾನಿ

ಶಾಂತಿಗ್ರಾಮದ ಸೀಮೆಯ ಹೆಂಚಿನ ಮನೆಗಳನ್ನು ಸದ್ದಿಲ್ಲದೆ ಕೆಡಿಸುವುದು ಮಳೆಗಾಲದ ತೇವ. ಬಿರುಕುಬಿಟ್ಟ ಹೆಂಚಿನಿಂದ ಜಿನುಗಿದ ನೀರು ಎಷ್ಟೋ ಸಲ ನೆಲಕ್ಕೆ ತೊಟ್ಟಿಕ್ಕದೆ ರೀಪಿನೊಳಗೇ ಇಂಗುತ್ತದೆ. ಮರ ಮೆತ್ತಗಾಗುತ್ತದೆ, ಗೆದ್ದಲು ಹತ್ತುತ್ತದೆ. ಮಾಗಿಯಲ್ಲಿ ಎಲ್ಲವೂ ಒಣಗಿ ನೆಟ್ಟಗಿರುವಂತೆ ತೋರುವುದರಿಂದ ನಾವು ಮರೆತುಬಿಡುತ್ತೇವೆ.

ಯುಗಾದಿಗೆ ಜೇಡರಬಲೆ ಗುಡಿಸಿ ಸುಣ್ಣ ಬಳಿಯುವಾಗ ಗೋಡೆಯ ನೆತ್ತಿಯ ಕಂದು ಕಲೆ, ಅಟ್ಟದ ಮೇಲೆ ಉದುರಿದ ಮರದ ಹುಡಿ, ಗೆದ್ದಲಿನ ಮಣ್ಣುಗೆರೆ ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲೆ ಸುಣ್ಣ ಬಳಿದರೆ ರೋಗ ಮುಚ್ಚೀತೇ ಹೊರತು ವಾಸಿಯಾಗದು.

ಹಗಲಿನಲ್ಲಿ ಅಟ್ಟದ ಕತ್ತಲೊಳಗೆ ನಿಂತು ಬೆಳಕು ತೂರುವ ಕಂಡಿಗಳನ್ನು ಗುರುತಿಸೋಣ; ಮೊಳೆಯಿಂದ ಚುಚ್ಚಿ ಮರದ ಗಟ್ಟಿತನವನ್ನು ಪರೀಕ್ಷಿಸೋಣ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸುವಾಗ ಕೊಳೆತ ರೀಪನ್ನೂ ಬದಲಾಯಿಸೋಣ. ಪರೀಕ್ಷಿಸದ ಸೂರಿನ ಮೇಲೆ ಆಳನ್ನು ಹತ್ತಿಸುವುದು ಬೇಡ. ನಾಲ್ಕು ಹೆಂಚಿನ ಬೆಲೆಗಿಂತ ಆತನ ಜೀವ ದೊಡ್ಡದು.