ಮೊದಲು ಕೀಬೋರ್ಡ್, ಆಮೇಲೆ ಲೈಬ್ರರಿ

ಮನೆಯ ಒಂದು ಕೋಣೆಯಲ್ಲೇ ಕುಳಿತು ಭಾವಗೀತೆಗೆ ರಾಗ ಹಾಕುವವರು, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವವರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಅವರು ಹಣ ಹಂಚುವ ರೀತಿ ಸಾಮಾನ್ಯವಾಗಿ ಹೀಗಿರುತ್ತದೆ: ಆರೇಳು ಸಾವಿರ ರೂಪಾಯಿಯ, 25 ಕೀಲಿಗಳ ಪುಟ್ಟ ಕೀಬೋರ್ಡ್ ಒಂದು, ಮಿಕ್ಕ ಹಣವೆಲ್ಲ ನಿಜವಾದ ವಾದ್ಯಗಳ ಸ್ವರಗಳನ್ನು ಮುದ್ರಿಸಿಟ್ಟ ಸ್ಯಾಂಪಲ್ ಲೈಬ್ರರಿಗಳಿಗೆ. ಕೇಳುಗರ ಕಿವಿಗೆ ಬೀಳುವುದು ಲೈಬ್ರರಿಯ ನಾದವೇ ಹೊರತು ಕೀಬೋರ್ಡ್ ಅಲ್ಲವಲ್ಲ ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕವೇ ತಪ್ಪು, ಖರ್ಚಿನ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಅದರಲ್ಲೂ ನಮ್ಮ ಸಂಗೀತ ಮಾಡುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕಂಪ್ಯೂಟರಿಗೆ ಜೋಡಿಸುವ ಕೀಬೋರ್ಡ್ ನಾದವನ್ನು ಕಳಿಸುವುದಿಲ್ಲ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ವ್ಯವಸ್ಥೆಯ ಮೂಲಕ ಅದು ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ: ಯಾವ ಕೀಲಿ ಒತ್ತಿದಿರಿ, 127 ಹಂತಗಳಲ್ಲಿ ಎಷ್ಟು ಬಲವಾಗಿ ಒತ್ತಿದಿರಿ, ಯಾವ ಚಕ್ರವನ್ನು ಎಷ್ಟು ತಿರುಗಿಸಿದಿರಿ. ಒಳ್ಳೆಯ ಪಿಯಾನೊ ಲೈಬ್ರರಿಯಲ್ಲಿ ಒಂದೇ ಸ್ವರವನ್ನು ಮೆಲ್ಲಗೆ, ಹದವಾಗಿ, ಜೋರಾಗಿ ನುಡಿಸಿ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಪದರ ಪದರವಾಗಿ ಇಟ್ಟಿರುತ್ತಾರೆ. ಅಗ್ಗದ ಕೀಬೋರ್ಡಿನ ಗಿಡ್ಡ ಕೀಲಿಗಳಲ್ಲಿ ಬೆರಳಿಗೆ ಆ ಹದ ಸಿಗುವುದು ಕಷ್ಟ. ಒತ್ತಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಬಲದಲ್ಲಿ ದಾಖಲಾಗುತ್ತದೆ. ದುಡ್ಡು ಕೊಟ್ಟು ತಂದ ಮೆಲುದನಿಯ ಪದರಗಳು ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ತಂತಿವಾದ್ಯ, ಊದುವಾದ್ಯಗಳ ನೀಳ ಸ್ವರಗಳಲ್ಲಂತೂ ಕೀಲಿ ಒತ್ತಿದ ಬಲಕ್ಕೆ ಬೆಲೆಯೇ ಇಲ್ಲ ಎನ್ನಬಹುದು. ಹೆಚ್ಚಿನ ಲೈಬ್ರರಿಗಳಲ್ಲಿ ಅಲ್ಲಿನ ಏರಿಳಿತವನ್ನು ಎಡಗೈಯ ಮಾಡ್ ವೀಲ್ ನಿರ್ಧರಿಸುತ್ತದೆ. ಆ ಚಕ್ರವನ್ನು ಮುಟ್ಟದೆ ಬಾರಿಸಿದ ವಯಲಿನ್ ಸಮೂಹ, ಎಷ್ಟೇ ದುಬಾರಿ ಲೈಬ್ರರಿಯದಾದರೂ, ಆರಂಭದಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಕೂಗುತ್ತದೆ. ಮನೆ ಸ್ಟುಡಿಯೊದ ಹಾಡು ಕೃತಕವಾಗಿ ಕೇಳಿಸಲು ಬಹಳ ಸಲ ಇದೇ ಕಾರಣ.

ಅಗ್ಗದ ಲೈಬ್ರರಿ ಅಗ್ಗದ ನಾದವನ್ನೇ ಕೊಡುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಹತ್ತು ವರ್ಷದ ಹಿಂದೆ ಅದರಲ್ಲಿ ಹುರುಳಿತ್ತು. ಈಗ ಬ್ರಿಟನ್ನಿನ ಸ್ಪಿಟ್‌ಫೈರ್ ಆಡಿಯೊ ಸಂಸ್ಥೆ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾವನ್ನು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿ 2019ರಲ್ಲಿ ಹೊರತಂದ ಲೈಬ್ರರಿಗೆ ಡಿಸ್ಕವರ್ ಎಂಬ ಉಚಿತ ಆವೃತ್ತಿಯೂ ಇದೆ. ಅದೇ ವಾದಕರು, ಅದೇ ಕೋಣೆ. ದೊಡ್ಡ ಆವೃತ್ತಿಯಲ್ಲಿ ಹಲವು ಮೈಕುಗಳ ಆಯ್ಕೆ, ಸ್ವರದಿಂದ ಸ್ವರಕ್ಕೆ ಜಾರುವ ಸೂಕ್ಷ್ಮ, ನುಡಿಸಾಣಿಕೆಯ ಹತ್ತಾರು ಬಗೆ ಇರುತ್ತವೆ ನಿಜ. ಒಂಟಿ ವಯಲಿನ್ನೋ ಚೆಲ್ಲೊವೋ ಎದ್ದು ಕಾಣಬೇಕಾದ ಕಡೆ ಉಚಿತ ಲೈಬ್ರರಿ ಸೋಲುವುದೂ ನಿಜ. ಆದರೆ ಹಾಡುಗಾರರ ಹಿಂದೆ ನಿಲ್ಲುವ ತಂತಿವಾದ್ಯಗಳ ಹಾಸಿಗೆ ಅಷ್ಟು ಸಾಕು. ಅದನ್ನು ಕೈಯಲ್ಲಿ ಪಳಗಿಸಿಕೊಂಡವರಿಗೆ ಮುಂದೆ ಏನು ಕೊಳ್ಳಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ನಮ್ಮ ಸಂಗೀತಕ್ಕೆ ಬಂದಾಗ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು, ಮೂರು ದಶಕ ತೆರೆಯಲಿಲ್ಲ. ಕೀಲಿಯ ಮೇಲಿನ ಸ್ವರ ಕದಲುವುದಿಲ್ಲ, ಮೀಂಡು ಗಮಕಗಳು ಅದರಲ್ಲಿ ಬರುವುದಿಲ್ಲ ಎಂಬುದು ಮುಖ್ಯ ದೂರು. ನಿಷೇಧ ಅತಿಯಾಯಿತು, ನಮ್ಮ ಸುಗಮ ಸಂಗೀತ ಹಾರ್ಮೋನಿಯಂ ಆಸರೆಯಲ್ಲೇ ಬೆಳೆಯಿತು. ಆದರೆ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ತೋಡಿಯ ಗಾಂಧಾರವನ್ನು ಒಂದು ಕೀಲಿ ಒತ್ತಿ ನಿಲ್ಲಿಸಿದರೆ ಅದು ತೋಡಿಯಾಗುವುದಿಲ್ಲ, ಅದು ತೂಗಾಡಬೇಕು. ಸಾಮಾನ್ಯ ಕೀಬೋರ್ಡಿನಲ್ಲಿ ಇದಕ್ಕೆ ಇರುವ ಮುಖ್ಯ ದಾರಿ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರ. ಮಿಡಿಯಲ್ಲಿ ಅದಕ್ಕೆ 16,384 ಹಂತಗಳಿವೆ, ಅಂದರೆ ಗಮಕದ ನಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಹಾಗಿದ್ದೂ ಕೊಳ್ಳುವವರು ಮೊದಲು ಮರೆಯುವುದು ಇದನ್ನೇ. ಯಮಹಾ ಪಿ-45, ರೋಲ್ಯಾಂಡ್ ಎಫ್‌ಪಿ-10ರಂಥ ಡಿಜಿಟಲ್ ಪಿಯಾನೊಗಳ 88 ಕೀಲಿಗಳು ಸೊಗಸಾಗಿವೆ, ಯುಎಸ್‌ಬಿಯಲ್ಲಿ ಕಂಪ್ಯೂಟರಿಗೂ ಜೋಡಿಸಬಹುದು. ಚಕ್ರ ಮಾತ್ರ ಇಲ್ಲ. ಪಿಯಾನೊಗಾಗಿಯೇ ಬರೆಯುವವರಿಗೆ ಅವು ಸರಿ. ಕಲ್ಯಾಣಿಯಲ್ಲೋ ಜೋಗಿ ಪದದ ಧಾಟಿಯಲ್ಲೋ ಮಟ್ಟು ಹುಡುಕುವವರಿಗೆ ಮೆದುಭಾರದ 61 ಕೀಲಿ, ಸ್ಪ್ರಿಂಗ್ ಇರುವ ಪಿಚ್ ಚಕ್ರ, ಮಾಡ್ ವೀಲ್, ಒತ್ತಿಹಿಡಿದ ಬೆರಳಿನ ಬಿಗಿಯನ್ನೂ ಗ್ರಹಿಸುವ ಆಫ್ಟರ್‌ಟಚ್, ಪೆಡಲ್ ಜೋಡಿಸುವ ಕಿಂಡಿ ಇರುವುದೇ ಮೇಲು. 25 ಕೀಲಿಗಳಲ್ಲಿ ಇನ್ನೊಂದು ತೊಡಕಿದೆ: ನುಡಿಸುವ ಬಗೆ ಬದಲಿಸುವ ಕೀ ಸ್ವಿಚ್‌ಗಳನ್ನು ಲೈಬ್ರರಿಗಳು ಸಾಮಾನ್ಯವಾಗಿ ತೀರ ಕೆಳಗಿನ ಕೀಲಿಗಳಲ್ಲಿ ಇಡುತ್ತವೆ, ಪುಟ್ಟ ಕೀಬೋರ್ಡಿಗೆ ಅವು ಒಮ್ಮೆಗೇ ಎಟುಕುವುದಿಲ್ಲ.

ಭಾರತೀಯ ವಾದ್ಯಗಳದ್ದೇ ಲೈಬ್ರರಿಗಳಿವೆಯಲ್ಲ ಎಂದು ಕೇಳಬಹುದು. ತಬಲಾ, ಢೋಲಕ್, ತಂಬೂರಿಗೆ ಅವು ನಿಜಕ್ಕೂ ಉಪಯುಕ್ತ. ಆದರೆ ಕೊಳಲು, ವೀಣೆಯ ಒಂದು ಸ್ವರವನ್ನು ಮುದ್ರಿಸಿಟ್ಟು ಚಕ್ರದಿಂದ ಬಾಗಿಸಿದಾಗ ಸ್ವರದ ಜೊತೆಗೆ ವಾದ್ಯದ ಒಡಲಿನ ಅನುರಣನವೂ ಜಾರುತ್ತದೆ. ವೀಣೆಯ ತಂತಿಯನ್ನು ಎಳೆದಾಗ ಒಡಲು ಇದ್ದಂತೆಯೇ ಇರುತ್ತದೆ. ಕಿವಿ ಈ ವ್ಯತ್ಯಾಸವನ್ನು ಕೂಡಲೇ ಹಿಡಿಯುತ್ತದೆ. ಇದನ್ನು ತಪ್ಪಿಸಲು ಕೆಲವು ಲೈಬ್ರರಿಗಳು ಗಮಕ ಸಹಿತವಾದ ಇಡೀ ಸಂಗತಿಗಳನ್ನೇ ಮುದ್ರಿಸಿ ಕೊಡುತ್ತವೆ. ಆಗ ಒಂದೇ ಆಲಾಪದ ತುಣುಕು ಕೊಂಡವರೆಲ್ಲರ ಹಾಡಿನಲ್ಲೂ ಕೇಳಿಸುತ್ತದೆ, ರಾಗ ಹಾಕಿದವರು ಯಾರೋ ಬೇರೆಯವರಾಗುತ್ತಾರೆ. ಹಾಗಾಗಿ ಮಟ್ಟನ್ನು ಕೀಬೋರ್ಡಿನಲ್ಲಿ ಗಮಕದ ಅಂದಾಜಿನೊಂದಿಗೆ ರೂಪಿಸಿ, ಎದ್ದು ಕೇಳಬೇಕಾದ ಆ ಒಂದು ಕೊಳಲನ್ನೋ ವಯಲಿನ್ನನ್ನೋ ವಾದಕರಿಂದಲೇ ನುಡಿಸಿಸಬೇಕು. ದುಬಾರಿ ಲೈಬ್ರರಿಗೆ ಇಟ್ಟ ಹಣ ಇದಕ್ಕೆ ಬರಲಿ. ನಮ್ಮೂರುಗಳ ವಾದಕರಿಗೆ ಧ್ವನಿಮುದ್ರಣದ ಕೆಲಸ ಸಿಗುತ್ತಿರಬೇಕು ಎಂಬ ಕಾಳಜಿಯೂ ಈ ಮಾತಿನಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ.

ಏರಿಳಿತವನ್ನೆಲ್ಲ ಮೌಸ್ ಹಿಡಿದು ಗೀಚಿದರೆ ಆಗದೆ ಎಂದರೆ, ಆಗುತ್ತದೆ. ಹಾಗೆ ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಗೀಚುವುದು ತಿದ್ದುವ ಕೆಲಸ. ರಾಗ ಹುಟ್ಟುವ ಗಳಿಗೆಯಲ್ಲಿ ಕೈ ಮತ್ತು ಕಿವಿಯ ನಡುವೆ ತಡೆ ಇದ್ದರೆ, ಪರದೆಯ ಚೌಕಗಳಿಗೆ ಹೊಂದುವ ಸ್ವರಗಳೇ ಮೊದಲು ಹೊಳೆಯುತ್ತವೆ, ತೋಡಿಗಿಂತ ಮೋಹನ ಸಲೀಸಾಗುತ್ತದೆ. ಬಾಳಿಕೆಯ ವಿಚಾರವೂ ಇದೆ. ನಾಲ್ಕು ದಶಕದ ಹಿಂದಿನ ಮಿಡಿ ಕೀಬೋರ್ಡನ್ನು ಇಂದಿನ ಕಂಪ್ಯೂಟರಿಗೂ ಜೋಡಿಸಬಹುದು, ಬೇಡವೆನಿಸಿದರೆ ಸೆಕೆಂಡ್ ಹ್ಯಾಂಡ್ ಮಾರಬಹುದು. ಲೈಬ್ರರಿಯ ಪರವಾನಗಿಯನ್ನು ಬಹುತೇಕ ಕಂಪನಿಗಳು ಮರುಮಾರಾಟಕ್ಕೆ ಬಿಡುವುದಿಲ್ಲ. ಲೈಬ್ರರಿಗಳನ್ನು ನುಡಿಸುವ ಕಾಂಟ್ಯಾಕ್ಟ್ ಎಂಬ ತಂತ್ರಾಂಶದ ಹೊಸ ಆವೃತ್ತಿಗೆಂದು ಮಾಡಿದ ಲೈಬ್ರರಿ ಅದರ ಹಳೆಯ ಆವೃತ್ತಿಯಲ್ಲಿ ತೆರೆಯುವುದೂ ಇಲ್ಲ. ಅಂಗಡಿಗೆ ಹೋದಾಗ ಒಂದೇ ಕೀಲಿಯನ್ನು ಆದಷ್ಟು ಮೆಲ್ಲಗೆ ಹಲವು ಸಲ ಒತ್ತಿ ನೋಡಿ, ಪಿಚ್ ಚಕ್ರವನ್ನು ಬಿಟ್ಟಾಗ ಅದು ನಡುವಿಗೆ ಸರಿಯಾಗಿ ಮರಳುತ್ತದೆಯೇ ಎಂದು ಕೇಳಿಸಿಕೊಳ್ಳಿ. ಇದನ್ನು ಆನ್‌ಲೈನ್ ಚಿತ್ರ ನೋಡಿ ತಿಳಿಯಲಾಗುವುದಿಲ್ಲ.