ಬಂಡಿಯ ಅಚ್ಚು, ಬೆಟ್ಟದ ದಾರಿ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟವರು ಮರವಂತೆಯನ್ನು ಮುಟ್ಟಿದೊಡನೆ ಮಾತು ನಿಲ್ಲಿಸಿ ಕಿಟಕಿಯಾಚೆಗೆ ನೋಡುವುದು ವಾಡಿಕೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ. ರಸ್ತೆ ಸಮತಟ್ಟು, ನೇರ. ವಾಹನಗಳ ವೇಗವೂ ಅದಕ್ಕೆ ತಕ್ಕಂತೆಯೇ. ಆದರೆ ಬಲಕ್ಕೆ ಶಾಂತವಾಗಿ ಹರಿಯುವ ಈ ನದಿ ಹುಟ್ಟಿಬರುವುದು ಕೊಡಚಾದ್ರಿಯ ಮಡಿಲಿನಿಂದ. ಆ ಬೆಟ್ಟದ ಎತ್ತರ 1,343 ಮೀಟರು. ಕೊಲ್ಲೂರನ್ನು ದಾಟಿ ಬೆಟ್ಟವನ್ನೇರತೊಡಗಿದರೆ ದಾರಿಯ ಮಾತೇ ಬೇರೆ. ಬಂಡೆ, ಕೊರಕಲು, ಮಳೆ ಬಿದ್ದರೆ ಜಾರುವ ಕೆಮ್ಮಣ್ಣು. ಅಲ್ಲಿ ಯಾತ್ರಿಕರನ್ನು ಹೊತ್ತು ಏರುವ ಕೆಲಸ ಜೀಪಿನದು.

ಮರವಂತೆಯ ಹೆದ್ದಾರಿಗೂ ಕೊಡಚಾದ್ರಿಯ ಏರಿಗೂ ಒಂದೇ ವಾಹನ ಸಾಲದೆ? ಪಿಕಪ್ ಲಾರಿಯನ್ನು ಇಟ್ಟುಕೊಂಡ ಉತ್ಸಾಹಿ ತರುಣರು ಇತ್ತೀಚೆಗೆ ಈ ಪ್ರಶ್ನೆಗೆ ಒಂದು ಉತ್ತರ ಹೇಳುತ್ತಾರೆ: ‘ಮುಂದಿನ ಜೋಡಣೆಯನ್ನು ಕಿತ್ತು, ಜೀಪಿನಂತೆ ಇಡಿಯ ಅಚ್ಚನ್ನು ಕೂಡಿಸಿಬಿಟ್ಟರಾಯಿತು.’ ಮಾತು ಸುಲಭ. ಆದರೆ ವಾಹನಕ್ಕೆ ದಾರಿ ತೋರಿಸುವ ಚಕ್ರಗಳು ಮುಂದಿನವೇ; ಬ್ರೇಕು ಒತ್ತಿದಾಗ ಹೆಚ್ಚಿನ ಭಾರ ಹೊರುವವೂ ಅವೇ. ಅದೇ ವಾಹನದಲ್ಲಿ ನಾಳೆ ಹೆಂಡತಿ ಮಕ್ಕಳೂ ಕುಳಿತುಕೊಳ್ಳುವರು. ಆದುದರಿಂದ ಸುತ್ತಿಗೆ ಎತ್ತುವ ಮುನ್ನ ವಿಷಯವನ್ನು ತಿಳಿದುಕೊಳ್ಳುವುದು ಲೇಸು.

ಇಡಿಯೂ ಬಿಡಿಯೂ

ಎತ್ತಿನ ಗಾಡಿಯನ್ನು ನೋಡಿರಿ. ಎರಡು ಗಾಲಿಗಳ ನಡುವೆ ಒಂದೇ ಅಚ್ಚು. ಒಂದು ಗಾಲಿ ಕಲ್ಲನ್ನು ಹತ್ತಿದರೆ ಅಚ್ಚು ವಾಲುತ್ತದೆ. ಇನ್ನೊಂದು ಗಾಲಿಗೂ ಅದರ ಸುದ್ದಿ ಮುಟ್ಟುತ್ತದೆ. ಇದು ಇಡಿ ಅಚ್ಚು. ಇಂದಿನ ಕಾರುಗಳಲ್ಲಿಯೂ ಬಹುಪಾಲು ಪಿಕಪ್ಪುಗಳಲ್ಲಿಯೂ ಮುಂಭಾಗದ ಏರ್ಪಾಡು ಬೇರೆ. ಪ್ರತಿಯೊಂದು ಚಕ್ರಕ್ಕೂ ತನ್ನದೇ ತೋಳುಗಳು, ತನ್ನದೇ ಸ್ಪ್ರಿಂಗು. ಎಡಗಾಲಿ ಗುಂಡಿಗೆ ಇಳಿದರೆ ಬಲಗಾಲಿಗೆ ಅದರ ಗೊಡವೆಯಿಲ್ಲ. ಇದನ್ನು ನಾವು ಬಿಡಿ ಜೋಡಣೆ ಎನ್ನೋಣ.

1941ರ ವಿಲ್ಲಿಸ್ ಜೀಪಿಗೆ ಹಿಂದೆ ಮುಂದೆ ಎರಡೂ ಕಡೆ ಇಡಿ ಅಚ್ಚೇ ಇತ್ತು. ಮಹೀಂದ್ರಾ ಸಂಸ್ಥೆ ನಮ್ಮ ದೇಶದಲ್ಲಿ ಕಟ್ಟಿದ ಜೀಪುಗಳಿಗೂ ದಶಕಗಳ ಕಾಲ ಅದೇ ಮೇಲ್ಪಂಕ್ತಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಹೆಸರಾದ ಎಂಎಂ 540 ಅದೇ ವಂಶದ್ದು. ಆದರೆ 2010ರಲ್ಲಿ ಬಂದ ಥಾರ್ ವಾಹನದ ನಾಲ್ಕು ಚಕ್ರ ಎಳೆತದ ಮಾದರಿ ಮುಂದುಗಡೆ ಬಿಡಿ ಜೋಡಣೆಗೆ ತಿರುಗಿತು. ಅಮೆರಿಕದ ಪೇಟೆಯಲ್ಲಿ ಟೊಯೋಟಾ ಪಿಕಪ್ಪು 1980ರ ದಶಕದ ನಡುವಿನಲ್ಲಿಯೇ ಈ ದಾರಿ ಹಿಡಿದಿತ್ತು. ಬಂಡೆ ಏರುವ ಹವ್ಯಾಸಿಗಳು ಅದಕ್ಕೆ ಮರಳಿ ಇಡಿ ಅಚ್ಚನ್ನು ಕೂಡಿಸಿಕೊಂಡದ್ದೂ ಉಂಟು. ಹಾಗೆಂದು ಇಡಿ ಅಚ್ಚಿನ ಕಾಲ ಮುಗಿಯಿತೆನ್ನಲಾಗದು. 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಮಾರುತಿ ಜಿಮ್ನಿಗೆ ಎರಡೂ ಕಡೆ ಇಡಿ ಅಚ್ಚೇ ಇದೆ.

ಬೆಟ್ಟದಲ್ಲಿ ಗೆಲುವು, ಬಯಲಿನಲ್ಲಿ ಸೋಲು

ಬೆಟ್ಟದಲ್ಲಿ ಇಡಿ ಅಚ್ಚು ಗೆಲ್ಲುವುದೇಕೆ? ಅದು ತಕ್ಕಡಿಯ ದಂಡದಂತೆ. ಬಂಡೆಯ ಮೇಲೆ ಒಂದು ತುದಿ ಎದ್ದರೆ ಮತ್ತೊಂದು ತುದಿ ಕೆಳಕ್ಕೆ ಒತ್ತಲ್ಪಡುತ್ತದೆ. ಹೀಗೆ ಎರಡು ಗಾಲಿಗಳೂ ನೆಲವನ್ನು ಕಚ್ಚಿ ಹಿಡಿಯುತ್ತವೆ. ಗಾಲಿ ಮೇಲೇರಿದರೆ ಅಚ್ಚೂ ಅದರೊಡನೆ ಮೇಲೇರುವುದರಿಂದ, ಜನ ತುಂಬಿದರೂ ಅಚ್ಚಿಗೂ ನೆಲಕ್ಕೂ ನಡುವಣ ಅಂತರ ಕುಗ್ಗುವುದಿಲ್ಲ. ಬಿಡಿ ಜೋಡಣೆಯಲ್ಲಾದರೆ ಹಲ್ಲುಚಕ್ರಗಳ ಪೆಟ್ಟಿಗೆ ಷಾಸಿಗೆ ಅಂಟಿಕೊಂಡಿರುತ್ತದೆ. ಭಾರಕ್ಕೆ ವಾಹನ ತಗ್ಗಿದಾಗ ಅದೂ ಬಂಡೆಯ ಸಮೀಪಕ್ಕೆ ಇಳಿಯುತ್ತದೆ. ಇದಲ್ಲದೆ ಇಡಿ ಅಚ್ಚಿನಲ್ಲಿ ಕೀಲುಗಳು ಕಡಮೆ, ಕೆಡುವುದೂ ಕಡಮೆ. ಪಟ್ಟಿ ಸ್ಪ್ರಿಂಗು ಮುರಿದರೆ ಸಣ್ಣ ಊರಿನ ಕುಲುಮೆಯಲ್ಲಿಯೂ ಅದಕ್ಕೆ ಮದ್ದು ಸಿಕ್ಕೀತು.

ಆದರೆ ಮರವಂತೆಯ ನುಣುಪು ದಾರಿಯಲ್ಲಿ ಇದೇ ಗುಣ ದೋಷವಾಗುತ್ತದೆ. ಅಚ್ಚಿನ ಭಾರವೆಲ್ಲವೂ ಸ್ಪ್ರಿಂಗಿನ ಕೆಳಗೆ. ಗುಂಡಿ ಸಿಕ್ಕಾಗಲೆಲ್ಲ ಅಷ್ಟೂ ಕಬ್ಬಿಣ ಕುಣಿಯಬೇಕು. ಒಂದು ಗಾಲಿಯ ಪೆಟ್ಟು ಇನ್ನೊಂದಕ್ಕೂ, ಅಲ್ಲಿಂದ ಚಾಲಕನ ಕೈಗೂ ಮುಟ್ಟುತ್ತದೆ. ಕೀಲುಗಳು ಸವೆದಿದ್ದರೆ ವೇಗದಲ್ಲಿ ಮುಂದಿನ ಗಾಲಿಗಳು ಎಡಬಲಕ್ಕೆ ಥರಥರನೆ ನಡುಗತೊಡಗುತ್ತವೆ. ಅಮೆರಿಕದ ಚಾಲಕರು ಇದಕ್ಕೆ ‘ಮೃತ್ಯುಕಂಪ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಹೆಸರು ತಮಾಷೆಯದಲ್ಲ.

ಕೂಡಿಸುವ ಕೆಲಸ

ಅಚ್ಚನ್ನು ಬದಲಾಯಿಸುವುದೆಂದರೆ ಚಕ್ರ ಬದಲಾಯಿಸಿದಂತಲ್ಲ. ಮೊದಲು ಹಳೆಯ ತೋಳುಗಳನ್ನೂ ಸ್ಪ್ರಿಂಗುಗಳನ್ನೂ ಕಿತ್ತು, ಷಾಸಿಗೆ ಹೊಸ ಹಿಡಿಗಳನ್ನು ಬೆಸೆಯಬೇಕು. ಎರಡು ಪಕ್ಕಗಳಲ್ಲಿ ಬೆಸುಗೆ ತುಸು ಹೆಚ್ಚುಕಡಮೆಯಾದರೆ ವಾಹನ ಏಡಿಯಂತೆ ಓರೆಯಾಗಿ ನಡೆಯುತ್ತದೆ. ಕಡಲತೀರದ ಉಪ್ಪುಗಾಳಿ ಎಳಸು ಬೆಸುಗೆಯನ್ನು ಹುಡುಕಿಕೊಂಡು ಹೋಗಿ ತುಕ್ಕು ಹಿಡಿಸುವುದು ಕರಾವಳಿಯವರಿಗೆ ಹೇಳಬೇಕಾದ ಮಾತಲ್ಲ.

ಎರಡನೆಯದು, ಗೇರಿನ ಲೆಕ್ಕ. ಮುಂದಿನ ಅಚ್ಚಿನೊಳಗಣ ಹಲ್ಲುಗಳ ಪ್ರಮಾಣ ಹಿಂದಿನದಕ್ಕೆ ಸರಿಹೊಂದಬೇಕು. ಇಲ್ಲವಾದರೆ ನಾಲ್ಕು ಚಕ್ರಗಳನ್ನೂ ಎಳೆತಕ್ಕೆ ಹಚ್ಚಿದೊಡನೆ ಮುಂದಿನವು ಒಂದು ವೇಗ, ಹಿಂದಿನವು ಮತ್ತೊಂದು ವೇಗ ಕೇಳುತ್ತವೆ. ಎರಡರ ಜಗಳದಲ್ಲಿ ನಡುವಿನ ಗೇರುಪೆಟ್ಟಿಗೆ ಸವೆಯುತ್ತದೆ. ಅಚ್ಚಿನ ಹಲ್ಲುಪೆಟ್ಟಿಗೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದೂ ವಾಹನದ ಎಳೆದಂಡಕ್ಕೆ ಹೊಂದಬೇಕು.

ಮೂರನೆಯದೇ ಮುಖ್ಯವಾದದ್ದು: ಸ್ಟೀರಿಂಗು. ಬಿಡಿ ಜೋಡಣೆಗೆಂದು ಮಾಡಿದ ಹಲ್ಲುಸರಳಿನ ಸ್ಟೀರಿಂಗು ಮೇಲೆ ಕೆಳಗೆ ಓಲಾಡುವ ಇಡಿ ಅಚ್ಚಿಗೆ ಒಗ್ಗದು. ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ಸರಳು ಬೇಕು. ಆ ಸರಳಿನ ಇಳಿಜಾರು ಅಚ್ಚಿನ ಚಲನೆಗೆ ಹೊಂದದಿದ್ದರೆ, ಗುಂಡಿಗೆ ಬಿದ್ದಾಗಲೆಲ್ಲ ಚಾಲಕ ತಿರುಗಿಸದೆಯೇ ವಾಹನ ತಾನಾಗಿ ತಿರುಗುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಸೈಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುವುದನ್ನು ನೋಡಿರುವಿರಷ್ಟೆ. ಕೈ ಬಿಟ್ಟರೂ ಅದು ನೇರ ಸಾಗುವುದಕ್ಕೆ ಆ ವಾಲಿಕೆಯೂ ಒಂದು ಕಾರಣ. ಅಚ್ಚಿಗೂ ಅಂಥ ವಾಲಿಕೆಯನ್ನು ಅಳೆದು ಕೊಡಬೇಕು. ಕಣ್ಣಂದಾಜಿಗೆ ಅದು ದಕ್ಕುವುದಿಲ್ಲ.

ಇಷ್ಟಾದ ಮೇಲೆ ಬ್ರೇಕಿನ ಕೊಳವೆಗಳನ್ನು ಉದ್ದವಾಗಿಸಬೇಕು. ಇಲ್ಲವಾದರೆ ಗಾಲಿ ಕೆಳಗಿಳಿದಾಗ ಕೊಳವೆ ಸೆಳೆತಕ್ಕೆ ಸಿಕ್ಕಿ ಹರಿದೀತು. ಸಾಮಾನ್ಯವಾಗಿ ಈ ಕೆಲಸದಿಂದ ವಾಹನ ಎತ್ತರವಾಗುತ್ತದೆ. ಎತ್ತರವಾದಂತೆ ಅದರ ಗುರುತ್ವಕೇಂದ್ರವೂ ಮೇಲೇರುತ್ತದೆ. ಆಷಾಢದ ಗಾಳಿ ಸಮುದ್ರದ ಕಡೆಯಿಂದ ಬೀಸುವಾಗ, ಗಂಗೊಳ್ಳಿಯ ಮೀನುಲಾರಿ ಪಕ್ಕದಲ್ಲಿ ಧಾವಿಸುವಾಗ, ಥಟ್ಟನೆ ತಿರುಗಿಸಬೇಕಾಗಿ ಬಂದರೆ ಆ ಎತ್ತರದ ಬೆಲೆ ತಿಳಿಯುತ್ತದೆ.

ಕಾಯಿದೆಯ ಮಾತು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಾಹನದ ಮೂಲ ಸ್ವರೂಪವನ್ನು ಮಾಲೀಕನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಇಂಥ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗಿನ ಸೆರೆಮನೆ, ಇಲ್ಲವೆ ಎರಡೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಇದೇ ಆದೀತು.

ಹಾಗಾದರೆ ಇಡಿ ಅಚ್ಚಿನ ಆಸೆ ತಪ್ಪೆ? ಖಂಡಿತ ಅಲ್ಲ. ಆಸೆಯಿದ್ದವರು ಕಾರ್ಖಾನೆಯಿಂದಲೇ ಹಾಗೆ ಬಂದ ವಾಹನವನ್ನು ಕೊಳ್ಳಬಹುದು. ಅದರಲ್ಲಿ ಸ್ಟೀರಿಂಗೂ ಬ್ರೇಕೂ ಎತ್ತರವೂ ಒಂದಕ್ಕೊಂದು ಹೊಂದಿಕೊಂಡು ಪರೀಕ್ಷೆ ಮುಗಿಸಿರುತ್ತವೆ. ಈಗಿರುವ ಪಿಕಪ್ಪಿನ ಮಾಲೀಕರು ಮಾತ್ರ ಒಂದು ಲೆಕ್ಕ ಹಾಕಿ ನೋಡಲಿ: ವರ್ಷದ 365 ದಿನಗಳಲ್ಲಿ ನಮ್ಮ ಗಾಡಿ ಬಂಡೆ ಹತ್ತುವುದೆಷ್ಟು ದಿನ, ಹೆದ್ದಾರಿಯಲ್ಲಿ ಓಡುವುದೆಷ್ಟು ದಿನ? ಬೆಟ್ಟದ ದಿನಗಳು ಬೆರಳೆಣಿಕೆಯಷ್ಟಾದರೆ, ಪಿಕಪ್ಪನ್ನು ಕೊಲ್ಲೂರಿನಲ್ಲಿ ನಿಲ್ಲಿಸಿ, ಮುಂದಕ್ಕೆ ಬಾಡಿಗೆಯ ಜೀಪನ್ನು ಹತ್ತುವುದು ಉತ್ತಮ. ಅಲ್ಲಿ ಅಚ್ಚಷ್ಟೇ ಅಲ್ಲ, ಬೆಟ್ಟದ ಪ್ರತಿಯೊಂದು ತಿರುವನ್ನೂ ಬಲ್ಲ ಚಾಲಕನೂ ದೊರೆಯುತ್ತಾನೆ. ಅವನನ್ನು ಯಾವ ಗ್ಯಾರೇಜಿನಲ್ಲಿಯೂ ಕೂಡಿಸಿಕೊಡುವುದಿಲ್ಲ.