ಅರ್ಥಶಾಸ್ತ್ರ ಯಾರ ಸೊತ್ತು?

ಹೋಟೆಲಿನ ಮಾಣಿಗೂ ಮಿಲ್ಲಿನ ಕೂಲಿಕಾರನಿಗೂ ಅರ್ಥಶಾಸ್ತ್ರವೇಕೆ ಎಂದು ಕೇಳುವ ಮಹನೀಯರುಂಟು. ಗಲ್ಲಾದ ಮುಂದೆ ಕುಳಿತವರಿಗೆ ಬೇಕಾದ ಲೆಕ್ಕ, ಒಲೆಯ ಮುಂದೆ ಬೇಯುವವನಿಗೆ ಬೇಡವೆ ಎಂಬುದು ನಮ್ಮ ಮರುಪ್ರಶ್ನೆ.

ಮದರಾಸು ವಿಶ್ವವಿದ್ಯಾನಿಲಯದ ಚರಿತ್ರೆಯನ್ನೇ ನೋಡೋಣ. 1915ರಲ್ಲಿ, ಮಹಾಯುದ್ಧದ ನಡುವೆ, ಅಲ್ಲಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದವರು ಗಿಲ್ಬರ್ಟ್ ಸ್ಲೇಟರ್. ಅದಕ್ಕೆ ಮುಂಚೆ ಅವರು ಆಕ್ಸ್‌ಫರ್ಡಿನಲ್ಲಿ ಕೆಲಸಗಾರರಿಗಾಗಿ ಸ್ಥಾಪಿತವಾದ ರಸ್ಕಿನ್ ಕಾಲೇಜಿನ ಮುಖ್ಯಸ್ಥರಾಗಿದ್ದರು. ಇಲ್ಲಿ ಅವರು ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು ಹಳ್ಳಿಗಳಿಗೆ ಕಳುಹಿಸಿದರು. ಹೊಲವೆಷ್ಟು, ಸಾಲವೆಷ್ಟು, ಕೂಲಿಯೆಷ್ಟು ಎಂದು ಕೇಳಿ ಬರೆದ ವರದಿಗಳು 1918ರಲ್ಲಿ ಪುಸ್ತಕವಾದವು.

ಅದೇ 1918ರ ಏಪ್ರಿಲಿನಲ್ಲಿ ಪೆರಂಬೂರಿನ ಮಿಲ್ಲುಗಳ ಬಳಿ ಮದರಾಸು ಕಾರ್ಮಿಕ ಸಂಘ ಹುಟ್ಟಿತು. ಬಿ. ಪಿ. ವಾಡಿಯಾ, ತಿರು. ವಿ. ಕಲ್ಯಾಣಸುಂದರಂ ಅದರ ಮುಂದಾಳುಗಳು. 1921ರ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ಮುಷ್ಕರದಲ್ಲಿ ಜನ ಪೊಲೀಸರ ಗುಂಡಿಗೆ ಬಲಿಯಾದರು. ಕೂಲಿಯನ್ನು ಗೊತ್ತುಮಾಡುವವರು ಯಾರೆಂಬ ಪಾಠವನ್ನು ಕೆಲಸಗಾರರು ಕಲಿತದ್ದು ಸಂಘದಲ್ಲಿ, ತಮ್ಮ ಭಾಷೆಯಲ್ಲಿ. ವಿಶ್ವವಿದ್ಯಾನಿಲಯ ಪಾಠ ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ.

ಮುಂದೆ ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅದೇ ಹಳ್ಳಿಗಳ ಮರುಪರಿಶೀಲನೆಯನ್ನು 1940ರಲ್ಲಿ ಪ್ರಕಟಿಸಿದರು. ಸ್ವರಾಜ್ಯ ಬಂತು. 1956ರಲ್ಲಿ ನಮ್ಮ ದಕ್ಷಿಣ ಕನ್ನಡ ಮೈಸೂರಿಗೆ ಸೇರಿತು; ಅಲ್ಲಿಯವರೆಗೆ ಮಂಗಳೂರಿನ ಹುಡುಗರೂ ಮದರಾಸಿನ ಪರೀಕ್ಷೆಗೇ ಓದುತ್ತಿದ್ದರು. 1967ರಲ್ಲಿ ಕಾಂಗ್ರೆಸ್ಸಿನ ಆಳ್ವಿಕೆ ಹೋಯಿತು, 1975ರಲ್ಲಿ ತುರ್ತುಪರಿಸ್ಥಿತಿ ಬಂತು. ಆದರೂ ಸ್ಲೇಟರರ ಕಾಲದಲ್ಲಿ ಶೋಧಿಸಿದ ಇರುವೇಲ್ಪಟ್ಟಿಗೆ ಸಂಶೋಧಕರು 2008ರಲ್ಲಿಯೂ ಹೋದರು. ಸರಕಾರಗಳು ಉರುಳಿದರೂ ಉಳಿದ ಅರ್ಥಶಾಸ್ತ್ರ, ದುಡಿಯುವವನ ಮನೆ ಬಾಗಿಲಿಗೆ ಹೋಗಿ ಕೇಳಿದ ಈ ಅರ್ಥಶಾಸ್ತ್ರವೇ.

ಈ ಶ್ರದ್ಧೆ ನಗರದ ದುಡಿಮೆಗಾರನಿಗೂ ಸಲ್ಲಬೇಡವೆ? ಪೆರಂಬೂರಿನ ಆ ಮಿಲ್ಲುಗಳು 1996ರಲ್ಲಿ ಮುಚ್ಚಿದವು. 2019-20ರಲ್ಲಿ ಸಂಸತ್ತು 29 ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿತು. ನಮ್ಮ ಹೊಟ್ಟೆಗೆ ಸಂಬಂಧಿಸಿದ ಇವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ನಮ್ಮ ಬಳಿಗೆ ಎಷ್ಟು ಪಂಡಿತರು ಬಂದರು?

ನಮ್ಮ ಬೇಡಿಕೆ ಸ್ಪಷ್ಟ. ಚೆಪಾಕಿನ ವಿದ್ವಾಂಸರು ಹಳ್ಳಿಗೆ ಹೋದಂತೆ ಹೋಟೆಲುಗಳ ಅಡುಗೆಮನೆಗೂ, ಕೆಲಸ ಕಳೆದುಕೊಂಡವರ ಮನೆಗೂ ಬರಲಿ. ಕಂಡದ್ದನ್ನು ತಮಿಳಿನಲ್ಲೂ ಕನ್ನಡದಲ್ಲೂ ನಮಗೆ ತಿಳಿಸಲಿ. ಅವರು ಬರುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಬಂಧುಗಳೆ, ಮಧ್ಯಾಹ್ನದ ಬಿಡುವಿನಲ್ಲಿ ವಾರಕ್ಕೊಂದು ದಿನ ಸಂಘದಲ್ಲಿ ಸೇರೋಣ. ಸಂಬಳ, ಬಾಡಿಗೆ, ಅಕ್ಕಿಯ ಬೆಲೆ, ಊರಿಗೆ ಕಳುಹಿಸಿದ ಹಣ, ಇವನ್ನು ಬರೆದಿಡೋಣ. ತನ್ನ ಲೆಕ್ಕ ತಾನರಿಯದವನಿಗೆ ಪರರು ಬರೆದದ್ದೇ ಲೆಕ್ಕ.